ನಿಮ್ಮ ಪೈಲಟ್‌ಗೆ ಕಾಲೇ ಇಲ್ಲವಲ್ಲ!

ನಮಸ್ಕಾರ,

ನೀವು ಕಳಿಸಿದ ವಿಮಾನದ ಕತೆ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಕಾರಣ ನೇರವಾಗಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಬಾಲದಲ್ಲಿ ಪುಟ್ಟ ಚಕ್ರವಿರುವ ಹಳೇ ವಿಮಾನ, ಬಲಗಡೆಯಿಂದ ಅಡ್ಡಗಾಳಿ. ಇಳಿದ ಮೇಲೆ ವಿಮಾನ ರನ್‌ವೇ ಬಿಟ್ಟು ಹುಲ್ಲಿಗೆ ನುಗ್ಗುತ್ತದೆ. ಒಳ್ಳೇ ಸನ್ನಿವೇಶ. ನೀವು ಅದನ್ನು ಎರಡೇ ಸಾಲಲ್ಲಿ ಮುಗಿಸಿದ್ದೀರಿ: 'ಗಾಳಿ ಮೂತಿಯನ್ನು ಎಡಕ್ಕೆ ತಳ್ಳಿತು. ಅವನು ಸ್ಟೀರಿಂಗ್ ಬಿಗಿಯಾಗಿ ಹಿಡಿದು ಬಲಕ್ಕೆ ತಿರುಗಿಸಿದ.'

ಎರಡೂ ತಪ್ಪು. ಬಲಗಡೆಯ ಗಾಳಿ ಬಾಲವನ್ನು ಎಡಕ್ಕೆ ದೂಡುತ್ತದೆ. ಹಾಗಾಗಿ ಮೂತಿ ಗಾಳಿ ಬಂದ ಕಡೆಗೇ, ಅಂದರೆ ಬಲಕ್ಕೆ ತಿರುಗುತ್ತದೆ. ಇನ್ನು ನೆಲದ ಮೇಲೆ ವಿಮಾನವನ್ನು ನೇರವಾಗಿ ಓಡಿಸುವುದು ಕಾಲು, ರಡ್ಡರ್ (ಬಾಲದಲ್ಲಿ ನೆಟ್ಟಗೆ ನಿಂತು ಎಡಬಲಕ್ಕೆ ಹೊರಳುವ ಹಲಗೆ) ತಿರುಗಿಸುವ ಪೆಡಲ್ ಒತ್ತಿ. ಕೈಗೂ ಕೆಲಸವಿದೆ. ಬಲ ರೆಕ್ಕೆಯನ್ನು ಗಾಳಿ ಎತ್ತದಂತೆ ಸ್ಟಿಕ್ಕನ್ನು (ಕೈಯಲ್ಲಿ ಹಿಡಿಯುವ ನಿಯಂತ್ರಣದ ಕೋಲು) ಗಾಳಿಯ ಕಡೆಗೆ ವಾಲಿಸಬೇಕು, ವೇಗ ಇಳಿದಷ್ಟೂ ಜಾಸ್ತಿ.

ಕತೆಯ ಜೀವ ಇರುವುದು ಇದರ ಮುಂದೆ. ಇಂಥ ವಿಮಾನದಲ್ಲಿ ಭಾರದ ಕೇಂದ್ರ ಮುಖ್ಯ ಚಕ್ರಗಳಿಗಿಂತ ಹಿಂದಿರುತ್ತದೆ. ಮೂತಿ ಸ್ವಲ್ಪ ತಿರುಗಿದರೂ ಸಾಕು, ಹಿಂದಿನ ಭಾರ ಮುಂದಕ್ಕೆ ನುಗ್ಗಲು ನೋಡುತ್ತದೆ, ತಿರುವು ತಾನಾಗಿಯೇ ಬೆಳೆಯುತ್ತದೆ. (ಮೂತಿಯಡಿ ಚಕ್ರವಿರುವ ಸೆಸ್ನಾ 172 ಎಂಬ ಪುಟ್ಟ ವಿಮಾನದಲ್ಲಿ ಇದು ಉಲ್ಟಾ. ಭಾರ ಮುಂದಿರುವುದರಿಂದ ಅದು ನೇರವಾಗಲು ನೋಡುತ್ತದೆ.) ಅದೇ ಹೊತ್ತಿಗೆ ವೇಗ ಇಳಿಯುತ್ತಿರುತ್ತದೆ. ರಡ್ಡರ್‌ಗೆ ಬಡಿಯುವ ಗಾಳಿ ಕಡಿಮೆಯಾಗಿ, ಪೆಡಲ್ ಒತ್ತಿದರೂ ಮೂತಿ ಮಾತು ಕೇಳುವುದಿಲ್ಲ. ಗಾಬರಿಯಲ್ಲಿ ಜೋರಾಗಿ ತುಳಿದು ಹಾಗೇ ಹಿಡಿದರೆ ಇನ್ನೊಂದು ಪಕ್ಕಕ್ಕೆ ಹೊರಳಬಹುದು. ಸುಮ್ನೆ ಇದ್ದರೆ ಬಲಕ್ಕೆ ಗಿರಕಿ ಹೊಡೆಯುತ್ತದೆ, ಹೊರಗಿನ ಎಡ ರೆಕ್ಕೆಯ ತುದಿ ನೆಲ ಕೆರೆಯುತ್ತದೆ, ಕೆಲವೊಮ್ಮೆ ಚಕ್ರದ ಕಾಲೇ ಮುರಿಯುತ್ತದೆ. ಗ್ರೌಂಡ್ ಲೂಪ್ ಅನ್ನುವುದು ಇದಕ್ಕೇ.

ಅಂದರೆ ಓದುಗ 'ಸದ್ಯ, ಇಳೀತು' ಅಂದುಕೊಂಡ ಮೇಲೇ ನಿಜವಾದ ಅಪಾಯ, ಅಲ್ವಾ? ನೀವು ಅಲ್ಲಿಗೆ ಅವನ ಬಾಲ್ಯದ ನೆನಪು ತಂದು ತುಂಬಿದ್ದೀರಿ, ಒಂದೂವರೆ ಪುಟ! ಅಷ್ಟು ಪುರುಸೊತ್ತು ಅವನಿಗೆಲ್ಲಿದೆ? ತೆಗೆದುಬಿಡಿ. ರನ್‌ವೇಯ ಆ ತುದಿಯಲ್ಲಿ ನೆಟ್ಟ ಕಣ್ಣು, ಪಕ್ಕಕ್ಕೆ ಜಾರುತ್ತಿರುವ ಬಿಳಿ ಗೆರೆ, ಪೆಡಲ್ ಮೇಲೆ ಎಡ ಬಲ ಎಂದು ಪುಟ್ಟ ಪುಟ್ಟದಾಗಿ ಒತ್ತುತ್ತಲೇ ಇರುವ ಬೂಟು, ಇವನ್ನು ಬರೆಯಿರಿ.

ಕೊನೆಯ 'ವಿಧಿಯಾಟ'ವೂ ಬೇಡ. ಅವನ ಕಾಲು ಯಾಕೆ ತಡವಾಯಿತು? ಇಳಿದಾಯಿತಲ್ಲ ಅಂತ ಮೈಮರೆತನಾ, ಜೊತೆಗಿದ್ದವರು ಮಾತಾಡಿಸಿದರಾ? ಅದನ್ನು ನೀವೇ ಹುಡುಕಬೇಕು. ಸಂಭಾಷಣೆ ಚೆನ್ನಾಗಿದೆ, ಮುಟ್ಟಬೇಡಿ. ತಿದ್ದಿ ಕಳಿಸಿ, ಖಂಡಿತ ಓದುತ್ತೇನೆ.

ಇಂತಿ,
ಸಂಪಾದಕ