1/24 ಪ್ಲಾಸ್ಟಿಕ್ ಕಾರ್ ಕಿಟ್‌ಗೆ ಮೋಟಾರ್ ಹಾಕಿ ರೇಸ್ ಕಾರ್ ಮಾಡಬಹುದಾ? ಯಾವ ಮೋಟಾರ್ ಹಾಕಿದರೆ ಜೋರಾಗಿ ಓಡುತ್ತದೆ?

ಮಾಡಬಹುದು. (1/24 ಅಂದರೆ ನಿಜವಾದ ಕಾರಿನ 24ನೇ ಒಂದು ಪಾಲಿನ ಅಳತೆ.) ಆದರೆ ಮೋಟಾರ್ ವಿಷಯ ಸದ್ಯಕ್ಕೆ ಬದಿಗಿಡಿ. ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಶುರು ಮಾಡಿದವನು. ಉತ್ತರ ಮೋಟಾರಿನಲ್ಲಿ ಇರಲೇ ಇಲ್ಲ.

ಕೆಲಸದ ಮೇಲೆ ಜರ್ಮನಿಯ ನ್ಯೂರೆಂಬರ್ಗ್‌ಗೆ ಬಂದ ಹೊಸತರಲ್ಲಿ ಆಫೀಸಿನವರೊಬ್ಬರು ತಮ್ಮ ಸ್ಲಾಟ್ ಕಾರ್ ಕ್ಲಬ್ಬಿಗೆ ಕರೆದುಕೊಂಡು ಹೋದರು. ನೋಡದವರಿಗೆ ಹೇಳುತ್ತೇನೆ. ಟ್ರ್ಯಾಕಿನಲ್ಲಿ ಉದ್ದಕ್ಕೂ ಒಂದು ಸೀಳು ಇರುತ್ತದೆ, ಅದರ ಎರಡೂ ಬದಿಗೆ ಕರೆಂಟ್ ಹರಿಯುವ ಲೋಹದ ಪಟ್ಟಿ. ಕಾರಿನ ಮೂತಿ ಕೆಳಗಿರುವ ಗೈಡ್ ಆ ಸೀಳಿನೊಳಗೆ ಇಳಿದಿರುತ್ತದೆ. ಕೈಯಲ್ಲಿರುವ ಟ್ರಿಗರ್ ಎಷ್ಟು ಒತ್ತಿದರೆ ಅಷ್ಟು ವೇಗ. ಸ್ಟೀರಿಂಗ್ ಇಲ್ಲ, ತಿರುವಿನಲ್ಲಿ ಜಾಸ್ತಿ ಒತ್ತಿದರೆ ಕಾರು ಹಾರಿ ಹೊರಗೆ ಬೀಳುತ್ತದೆ, ಅಷ್ಟೇ. ಈ ಊರಿಗೂ ಆಟಕ್ಕೂ ಹಳೆಯ ನಂಟು. ಕ್ಯಾರೆರಾ ಕಂಪನಿಯ ಸ್ಲಾಟ್ ಕಾರುಗಳು 1963ರಲ್ಲಿ ಹುಟ್ಟಿದ್ದು ಪಕ್ಕದ ಫ್ಯೂರ್ತ್‌ನಲ್ಲಿ. ಆ ಕ್ಲಬ್ಬಿನಲ್ಲಿ ಬಹಳ ಜನ ಅಂಗಡಿಯ ರೆಡಿ ಕಾರು ಓಡಿಸುತ್ತಲೇ ಇರಲಿಲ್ಲ. ಶೋಕೇಸಿನಲ್ಲಿ ಇಡುವ ರೆವೆಲ್, ಟಾಮಿಯಾ, ಫುಜಿಮಿ ಕಂಪನಿಗಳ ಕಿಟ್‌ಗಳ ಬಾಡಿ ತೆಗೆದುಕೊಂಡು ಅದನ್ನೇ ರೇಸ್ ಕಾರ್ ಮಾಡಿಕೊಂಡಿದ್ದರು.

ನಾನು ಬೆಂಗಳೂರಿನಲ್ಲಿದ್ದಾಗಿನಿಂದ ಕಿಟ್ ಕಟ್ಟುತ್ತಿದ್ದವನು. ಕೈ ಪಳಗಿತ್ತು, ಪೇಂಟ್ ಚೆನ್ನಾಗಿ ಬರುತ್ತಿತ್ತು. ಹಾಗಾಗಿ ಬಿಎಂಡಬ್ಲ್ಯು ಎಂ3 ಇ30 ಆರಿಸಿಕೊಂಡೆ. 1987 ಮತ್ತು 1989ರಲ್ಲಿ ಜರ್ಮನಿಯ ಡಿಟಿಎಂ ಕಾರ್ ರೇಸ್ ಚಾಂಪಿಯನ್‌ಶಿಪ್ ಗೆದ್ದ ಕಾರು ಅದು. ನ್ಯೂರೆಂಬರ್ಗಿನ ನೋರಿಸ್‌ರಿಂಗ್ ಸ್ಟ್ರೀಟ್ ಸರ್ಕ್ಯೂಟ್‌ನಲ್ಲಿ, 2.3 ಕಿಲೋಮೀಟರಿನ ಆ ಪುಟ್ಟ ಟ್ರ್ಯಾಕಿನಲ್ಲಿ, ಆ ಕಾಲದಲ್ಲಿ ಓಡಿದ್ದೂ ಅದೇ. ಒಂದಿಡೀ ಚಳಿಗಾಲ ಅದರ ಮೇಲೆ ಕೂತೆ. ಡೆಕಾಲ್, ಅಂದರೆ ಬಾಡಿಗೆ ಅಂಟಿಸುವ ಚಿತ್ರ, ಒಂದೊಂದೂ ಸುಕ್ಕಿಲ್ಲದೆ ಕೂತಿತ್ತು. ಬಾಡಿಯ ಕೆಳಗೆ ಹಾಕಲು ಪ್ಲಾಫಿಟ್ ಕಂಪನಿಯ ಸ್ಟೀಲ್ ಚಾಸಿ, ಅಂದರೆ ಮೋಟಾರ್ ಮತ್ತು ಚಕ್ರ ಕೂರುವ ಚೌಕಟ್ಟು, ಕೊಂಡು ತಂದೆ. ಆಮೇಲೆ ಬಾಡಿಯನ್ನು ಚಾಸಿಗೆ ಗಟ್ಟಿಯಾಗಿ ಬಿಗಿದೆ.

ತಪ್ಪು ಆಗಿದ್ದು ಇಲ್ಲೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕಿಟ್ ಕಟ್ಟಿ ಅಭ್ಯಾಸ ಇರುವ ಎಲ್ಲರೂ ಇದನ್ನೇ ಮಾಡುತ್ತಾರೆ. ಶೋಕೇಸ್ ಮಾಡೆಲ್‌ನಲ್ಲಿ ಬಾಡಿ ಅಲ್ಲಾಡಿದರೆ ಕೆಲಸ ಸರಿಯಿಲ್ಲ ಅಂತ ಅರ್ಥ, ಅಲ್ವಾ? ಹಾಗಾಗಿ ಬಾಡಿಯ ಒಳಬದಿಗೆ ನಾಲ್ಕು ಕಂಬ ನಿಲ್ಲಿಸಿ ಅರಾಲ್ಡೈಟ್ ಹಾಕಿದೆ. ಸ್ಕ್ರೂ ಇನ್ನು ತಿರುಗುವುದೇ ಇಲ್ಲ ಅನ್ನುವಷ್ಟು ತಿರುಗಿಸಿದೆ. ಆ ಚಾಸಿಯ ವಿಶೇಷವೇ ಏನೆಂದರೆ ಬಾಡಿ ಕೂರುವ ಭಾಗ ಬೇರೆ ಫಲಕ, ಅದು ಸ್ವಲ್ಪ ಅಲುಗಲಿ ಅಂತಲೇ ಮಾಡಿದ್ದು. ನನಗೆ ಆ ಅಲುಗಾಟ ಕಣ್ಣಿಗೆ ಚುಚ್ಚುತ್ತಿತ್ತು. ಅದಕ್ಕೂ ಪ್ಲಾಸ್ಟಿಕ್ ಚೂರು ತುರುಕಿ ಅಲುಗದ ಹಾಗೆ ಮಾಡಿದೆ.

ಟ್ರ್ಯಾಕಿಗೆ ಇಳಿಸಿದರೆ ನೇರದಲ್ಲಿ ಚೆನ್ನಾಗಿಯೇ ಹೋಗುತ್ತಿತ್ತು. ತಿರುವು ಬಂತೆಂದರೆ ಹಿಂದಿನ ಚಕ್ರ ಕುಪ್ಪಳಿಸುತ್ತಿತ್ತು. ಯಾಕೆ ಗೊತ್ತಾ? ಟ್ರ್ಯಾಕ್ ಎಷ್ಟೇ ನುಣುಪಾಗಿದ್ದರೂ ತುಂಡು ತುಂಡು ಸೇರುವ ಕಡೆ ಸಣ್ಣ ಏರುಪೇರು ಇರುತ್ತದೆ. ಗಿಯರಿನ ನಡುಕ ಬೇರೆ. ಬರೀ ಚಾಸಿ ಆದರೆ ಆ ಏರುಪೇರಿಗೆ ಬಗ್ಗಿ ಎರಡೂ ಟೈರನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಮೇಲಿನ ಬಾಡಿಯನ್ನು ಅದಕ್ಕೆ ಬಿಗಿದುಬಿಟ್ಟರೆ ಎರಡೂ ಸೇರಿ ಒಂದು ಗಟ್ಟಿ ಡಬ್ಬಿ ಆಗುತ್ತದೆ. ಆಗ ಒಂದು ಚಕ್ರ ಎದ್ದರೆ ಇಡೀ ಕಾರೇ ಏಳುತ್ತದೆ. ಅದೂ ಮೇಲ್ಗಡೆಯೂ ಭಾರ ಜಾಸ್ತಿ ಇರುವ ಕಾರು.

ನಾನು ಅಂದುಕೊಂಡಿದ್ದೇನು? ಎಳೆತ ಸಾಲುತ್ತಿಲ್ಲ, ದೊಡ್ಡ ಮೋಟಾರ್ ಬೇಕು ಅಂತ. ಈಗ ನೀವು ಕೇಳುತ್ತಿರುವುದೂ ಅದನ್ನೇ. ಹಾಕಿದೆ. ಕಾರು ತಿರುವಿಗೆ ಇನ್ನೂ ಜೋರಾಗಿ ಬಂತು, ಇನ್ನೂ ಬೇಗ ಹಾರಿತು. ಒಂದು ಸಂಜೆ ಉದ್ದನೆಯ ನೇರದ ಕೊನೆಯಲ್ಲಿ ಸೀಳು ಬಿಟ್ಟು ಹೋಗಿ ಗೋಡೆಗೆ ಬಡಿಯಿತು. ಬಾಡಿಗೆ ಆ ಪೆಟ್ಟನ್ನು ಎಲ್ಲೂ ಬಿಟ್ಟುಕೊಡುವ ಜಾಗ ಇರಲಿಲ್ಲ. ಭಾರದ ಸ್ಟೀಲ್ ಚಾಸಿ ಮುಂದಕ್ಕೆ ನುಗ್ಗಿತು, ಆ ಎಲ್ಲ ಬಲ ನಾಲ್ಕು ಕಂಬಗಳ ಮೂಲಕ ಬಾಡಿಗೆ ಹೋಯಿತು. ಮುಂದಿನ ಗಾಜಿನ ಎರಡೂ ಪಕ್ಕದ ಕಡ್ಡಿಗಳು ಮುರಿದು ಚಾವಣಿ ಬೇರೆ, ಕೆಳಗಿನ ಅರ್ಧ ಬೇರೆ ಆಯಿತು. ಒಂದು ಕಂಬ ತನ್ನ ಸುತ್ತಲಿನ ಪ್ಲಾಸ್ಟಿಕ್ಕನ್ನೂ ಕಿತ್ತುಕೊಂಡು ಬಂದಿತ್ತು. ಅರಾಲ್ಡೈಟ್ ಮಾತ್ರ ಬಿಟ್ಟಿರಲಿಲ್ಲ. ಆ ಡೆಕಾಲ್ ಹಾಳೆ ಮತ್ತೆ ಎಲ್ಲೂ ಸಿಗಲಿಲ್ಲ. ಅದೇ ನನಗೆ ಈಗಲೂ ಬೇಜಾರು.

ಕ್ಲಬ್ಬಿನ ಹಿರಿಯರೊಬ್ಬರು ತಮ್ಮ ಕಾರು ತಂದು ನನ್ನ ಕೈಗಿಟ್ಟರು. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ಅಂದರು. ಟಕ್ ಟಕ್ ಅಂತ ಸದ್ದು. ಬಾಡಿ ಸಡಿಲವಾಗಿತ್ತು. ಸ್ಕ್ರೂ ಪೂರ್ತಿ ಬಿಗಿದು, ಆಮೇಲೆ ಅರ್ಧದಿಂದ ಒಂದು ಸುತ್ತು ಹಿಂದಕ್ಕೆ ತಿರುಗಿಸಿದ್ದರು. ಬಾಡಿ ಅನ್ನುವುದು ತಲೆ ಮೇಲಿನ ಟೋಪಿ ಇದ್ದ ಹಾಗೆ, ಅದನ್ನು ಮೊಳೆ ಹೊಡೆದು ಕೂರಿಸಬಾರದು. ಎರಡನೇ ಬಾಡಿ ಹಾಗೆ ಕೂರಿಸಿ, ಮೊದಲಿನ ಸಾದಾ ಮೋಟಾರನ್ನೇ ಮತ್ತೆ ಹಾಕಿದೆ. ಕುಪ್ಪಳಿಸುವುದು ನಿಂತಿತು. ಲ್ಯಾಪ್ ಸಮಯ ದೊಡ್ಡ ಮೋಟಾರಿಗಿಂತ ಚೆನ್ನಾಗಿ ಬಂತು.

ಇಷ್ಟು ಕೇಳಿದ ಮೇಲೂ ಕಿಟ್ಟನ್ನೇ ಓಡಿಸಬೇಕು ಅನ್ನಿಸಿದರೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ.

ಕಿಟ್ ಜೊತೆ ಬರುವ ಫ್ಲೋರ್ ಮೇಲೆ ಮೋಟಾರ್ ಕೂರಿಸಲು ಹೋಗಲೇಬೇಡಿ. ಕಿಟ್ಟಿನ ಪ್ಲಾಸ್ಟಿಕ್ ಪಾಲಿಸ್ಟೈರೀನ್, ಅದು 100 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಮೆತ್ತಗಾಗುತ್ತದೆ. ಆಕ್ಸಲ್ ಕೂರುವ ತೂತುಗಳು ತಿರುಗಲಿ ಅಂತ ಮಾಡಿದ್ದಲ್ಲ, ಬೇಗ ಸವೆಯುತ್ತವೆ. ಬೇರೆ ಚಾಸಿ ಬೇಕೇ ಬೇಕು. ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ, ಮೊದಲೇ ಲೆಕ್ಕ ಹಾಕಿಕೊಳ್ಳಿ. ಎಂ3ಯದ್ದು 2565 ಮಿಲಿಮೀಟರ್, 24ರಿಂದ ಭಾಗಿಸಿದರೆ ಹತ್ತಿರ ಹತ್ತಿರ 107. ಅಳತೆ ಹೊಂದಿಸಬಹುದಾದ ಚಾಸಿ ತಂದರೆ ಮುಂದಿನ ಕಾರಿಗೂ ಬರುತ್ತದೆ. ಆದರೆ ಪೆಟ್ಟಿಗೆ ಮೇಲಿನ ಲೆಕ್ಕವನ್ನು ನಂಬಿ ಕೂರಬೇಡಿ, ಚಕ್ರದ ಕಮಾನುಗಳ ಮಧ್ಯದಿಂದ ಮಧ್ಯಕ್ಕೆ ಸ್ಕೇಲ್ ಇಟ್ಟು ನೋಡಿ. ಬಾಡಿ ಸಡಿಲ ಇದ್ದಾಗಲೂ ಟೈರಿಗೆ ತಾಗಬಾರದು, ಅಷ್ಟು ಜಾಗ ಕಮಾನಿನಲ್ಲಿ ಬಿಡಿಸಿಕೊಳ್ಳಿ.

ಆಮೇಲೆ ತೂಕ. ಎಂಜಿನ್, ಸೀಟು, ಡ್ಯಾಶ್‌ಬೋರ್ಡ್ ಎಲ್ಲಾ ಡಬ್ಬಿಗೆ ವಾಪಸ್. ತೆಳು ಪ್ಲಾಸ್ಟಿಕ್ ಶೀಟ್ ಮೇಲೆ ಡ್ರೈವರಿನ ಎದೆಯಿಂದ ಮೇಲಿನ ಭಾಗ ಮಾತ್ರ ಕೂರಿಸಿದರೆ ಸಾಕು. ಕಿಟ್‌ನ ದಪ್ಪ ಗಾಜು ತೂಕ, ಅದೂ ಎಲ್ಲಕ್ಕಿಂತ ಮೇಲೆ. ಅದರ ಬದಲು ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ತೆಳು ಪಾರದರ್ಶಕ ಓಎಚ್‌ಪಿ ಶೀಟ್ ಕತ್ತರಿಸಿ ಒಳಗಿನಿಂದ ಅಂಟಿಸಿ. ಪೇಂಟ್ ಮಾಡುವ ಮೊದಲು ಬಾಡಿಯ ಒಳಮೈಯನ್ನು ಉಪ್ಪು ಕಾಗದದಿಂದ ಉಜ್ಜುತ್ತಾ ಬನ್ನಿ. ಮಧ್ಯೆ ಮಧ್ಯೆ ಬಲ್ಬಿಗೆ ಹಿಡಿದು ನೋಡಿ. ಚಾವಣಿ ಬೆಳಕಿಗೆ ಕೆನೆ ಬಣ್ಣದಲ್ಲಿ ಮಿನುಗಿ ಹಿಂದಿನ ಬೆರಳಿನ ನೆರಳು ಕಾಣಲು ಶುರುವಾದಾಗ ನಿಲ್ಲಿಸಿ. ಬಂಪರ್ ಮೂಲೆ ಮತ್ತು ಗಾಜಿನ ಕಡ್ಡಿಗಳನ್ನು ಮಾತ್ರ ತೆಳುವಾಗಿಸಬೇಡಿ. ಅಲ್ಲಿ ಬ್ಯಾಂಡೇಜ್ ಬಟ್ಟೆಯ ಸಣ್ಣ ಪಟ್ಟಿ ಇಟ್ಟು ಅರಾಲ್ಡೈಟ್ ಸವರಿ. ಫೆವಿಕ್ವಿಕ್ ಬೇಡ, ಪೆಟ್ಟು ಬಿದ್ದರೆ ಅದು ಚಟ್ ಅಂತ ಬಿಡುತ್ತದೆ, ಗಾಜಿನ ಹತ್ತಿರ ಹಾಕಿದರೆ ಮಂಜು ಹಿಡಿದ ಹಾಗೆ ಬೆಳ್ಳಗಾಗುತ್ತದೆ. ಕನ್ನಡಿ ಮತ್ತು ಹಿಂದಿನ ರೆಕ್ಕೆ ಮೊದಲ ದಿನವೇ ಹೋಗುತ್ತವೆ, ಅವನ್ನು ಬಗ್ಗುವ ರಬ್ಬರಿನಲ್ಲೋ ತೆಳು ಶೀಟಿನಲ್ಲೋ ಮಾಡಿಕೊಳ್ಳಿ. ತೂಕ ಸೇರಿಸಲೇಬೇಕಾದರೆ ಸೀಸದ ಪಟ್ಟಿಯನ್ನು ಚಾಸಿ ಮೇಲೆ, ಆದಷ್ಟು ಕೆಳಗೆ.

ಕಂಪನಿಗಳೂ ಈ ದಾರಿ ತುಳಿದಿವೆ. ಜಪಾನಿನ ಟಾಮಿಯಾ 1976ರಲ್ಲಿ ತನ್ನ 1/12 ಪೋರ್ಷೆ 934 ಪ್ಲಾಸ್ಟಿಕ್ ಕಿಟ್ಟಿನ ಬಾಡಿಯನ್ನೇ ಇಟ್ಟುಕೊಂಡು ತನ್ನ ಮೊದಲ ರೇಡಿಯೋ ಕಂಟ್ರೋಲ್ (ಆರ್‌ಸಿ) ಕಾರು ಮಾಡಿತು. ಅದಕ್ಕೂ ಕೆಳಗೆ ಓಡುವ ಚಾಸಿ ಬೇರೆಯೇ. ಮುಂದೆ ಆರ್‌ಸಿ ರೇಸಿನಲ್ಲಿ ಗಟ್ಟಿ ಪ್ಲಾಸ್ಟಿಕ್ ಬಾಡಿ ಹಿಂದೆ ಸರಿದು, ಒಳಗಿನಿಂದ ಪೇಂಟ್ ಮಾಡುವ ತೆಳು ಪಾಲಿಕಾರ್ಬೊನೇಟ್ ಬಾಡಿ ಬಂತು. ಬಗ್ಗುತ್ತದೆ, ಸುಲಭಕ್ಕೆ ಒಡೆಯುವುದಿಲ್ಲ. ನಿಮಗೆ ಬೇಕಿರುವುದು ಆರ್‌ಸಿ ಆದರೆ ಕಿಟ್ಟನ್ನು ಮುಟ್ಟಬೇಡಿ, ಆ ಬಾಡಿಯನ್ನೇ ಕೊಳ್ಳಿ. ಮನೆಯಲ್ಲಿ 1/32 ಸ್ಲಾಟ್ ಸೆಟ್ ಇದ್ದರೆ ಅದಕ್ಕೆ 1/24 ಕಾರು ಅಗಲ ಜಾಸ್ತಿ, ತಿರುವಿನಲ್ಲಿ ಪಕ್ಕದ ಕಾರಿಗೆ ತಾಗುತ್ತದೆ. ಆಗ 1/32 ಕಿಟ್ಟನ್ನೇ ಹುಡುಕಿ. ಫಾರ್ಮುಲಾ ಕಾರು ಮೊದಲ ಸಲಕ್ಕೆ ಬೇಡ, ಸಸ್ಪೆನ್ಷನ್ ಕಡ್ಡಿಗಳು ಉಳಿಯುವುದಿಲ್ಲ.

ಇನ್ನೊಂದು ಮಾತು. ಈಗ ಮಾರುಕಟ್ಟೆಯಲ್ಲಿ ಇಲ್ಲದ ಕಿಟ್ಟೋ, ಯಾರೋ ಪ್ರೀತಿಯಿಂದ ಕೊಟ್ಟ ಕಿಟ್ಟೋ ಆಗಿದ್ದರೆ ದಯವಿಟ್ಟು ಅದನ್ನು ಶೋಕೇಸಿಗೇ ಕಟ್ಟಿ. ರೇಸಿಗೆ ಎರಡು ಸಿಗುವಂಥ ಸಾಮಾನ್ಯ ಕಿಟ್ ಸಾಕು.

ಮೋಟಾರ್ ಕೇಳಿದ್ದಿರಲ್ಲ. ಹೋಮ್ ಸೆಟ್ ಕಾರುಗಳಲ್ಲಿ ಬರುವ ಸಾದಾ 130 ಸೈಜ್ ಮೋಟಾರ್ ಹಾಕಿ. ಬೆಸುಗೆ ಹಾಕುವಾಗ ಬಾಡಿಯನ್ನು ಬಿಚ್ಚಿ ಬೇರೆ ಟೇಬಲ್ ಮೇಲೆ ಇಡಿ. ಅದೇ ಮೋಟಾರಿನಲ್ಲಿ ಎಲ್ಲ ತಿರುವನ್ನೂ ಹಾರದೆ ದಾಟುವಂತಾದ ಮೇಲೆ, ಆಗ ಬೇಕಾದರೆ ದೊಡ್ಡದರ ಯೋಚನೆ ಮಾಡಿ. ನಿಮ್ಮ ಹತ್ತಿರ ಇರುವ ಕಿಟ್ ಯಾವುದು ಅಂತ ತಿಳಿಸಿದರೆ ಕಂಬಗಳನ್ನು ಎಲ್ಲಿ ನಿಲ್ಲಿಸಬೇಕು ಅಂತ ಹೇಳಬಲ್ಲೆ.