ಬೈಬಲ್ ಓದಲು ಹೋಗಿ ಪ್ರಾರ್ಥನೆ ನಿಂತುಹೋದಾಗ

ಬೈಬಲ್ ಅಧ್ಯಯನದಲ್ಲಿ ಎಂ.ಎ. ಮಾಡುವ ಹುಡುಗ ಹುಡುಗಿಯರು ಸಲಹೆ ಕೇಳಲು ನನ್ನ ಹತ್ತಿರ ಬಂದಾಗ ಹೇಳಿಕೊಳ್ಳುವ ಕಷ್ಟ ಹೆಚ್ಚುಕಡಿಮೆ ಒಂದೇ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ಈತ ಸಭೆಯಲ್ಲೇ, ಅಂದರೆ ಚರ್ಚ್‌ನಲ್ಲೇ ಬೆಳೆದವನು. ಕ್ರೈಸ್ತ ಕಾಲೇಜಿಗೆ ಸೇರಿದಾಗ ಮನೆಯವರಿಗೆಲ್ಲ ಹೆಮ್ಮೆ. ಹೊಸ ಒಡಂಬಡಿಕೆಯ ಮೂಲಭಾಷೆಯಾದ ಗ್ರೀಕ್ ತರಗತಿಯಲ್ಲಿ, ಯೇಸುವಿನ ಜೀವನ ಹೇಳುವ ಮಾರ್ಕನ ಸುವಾರ್ತೆಯ 16ನೇ ಅಧ್ಯಾಯ ಬಂತು. ಅದರ 9ರಿಂದ 20ರವರೆಗಿನ ವಚನಗಳು ಬೈಬಲಿನ ತುಂಬಾ ಹಳೆಯ ಪ್ರತಿಗಳಾದ 4ನೇ ಶತಮಾನದ ಸಿನೈಟಿಕಸ್, ವ್ಯಾಟಿಕನಸ್ ಹಸ್ತಪ್ರತಿಗಳಲ್ಲಿ ಇಲ್ಲ. ಅಂದರೆ ಅವನ್ನು ಆಮೇಲೆ ಯಾರೋ ಸೇರಿಸಿರಬಹುದು. ಓದಿದವರಿಗೆ ಇದು ಹಳೇ ವಿಷಯ, ಎಷ್ಟೋ ಬೈಬಲ್‌ಗಳ ಅಡಿಟಿಪ್ಪಣಿಯಲ್ಲೇ ಇದೆ. ಆದರೆ ಇವನು ಅದೇ ವಚನಗಳ ಮೇಲೆ ಚರ್ಚ್‌ನಲ್ಲಿ ಪ್ರಸಂಗ (ಉಪದೇಶ) ಮಾಡಿದ್ದ. ಅವತ್ತಿನಿಂದ ಪ್ರಾರ್ಥನೆಗೆ ಕೂತರೆ ಮಾತೇ ಹೊರಡುತ್ತಿರಲಿಲ್ಲ. ಮನೆಯಲ್ಲಿ ಹೇಳಲು ಭಯ. ಸಾಲದ್ದಕ್ಕೆ, ಕಾಲೇಜಿನ ವಿಶ್ವಾಸದ ಹೇಳಿಕೆಗೆ, ಅಂದರೆ ಏನೇನು ನಂಬುತ್ತೇನೆ ಅನ್ನುವ ಪತ್ರಕ್ಕೆ, ಪ್ರತಿ ವರ್ಷ ಸಹಿ ಹಾಕಬೇಕು. ಸುಳ್ಳು ಸಹಿ ಹಾಕಲಾರೆ, ಓದು ಬಿಟ್ಟುಬಿಡುತ್ತೇನೆ ಅಂತ ಬಂದಿದ್ದ.

ಎರಡು ಮೂರು ಸಲ ಬರೀ ಹಸ್ತಪ್ರತಿಗಳ ಮಾತೇ ಆಯಿತು. ಆಮೇಲೆ ಒಂದು ದಿನ ತಲೆ ತಗ್ಗಿಸಿ ಹೇಳಿದ, "ಮೇಡಂ, ಕಷ್ಟ ಬಂದಾಗ ನಾನು ಓಡಿಹೋಗ್ತಿದ್ದದ್ದೇ ಆ ಪುಸ್ತಕದ ಹತ್ರ. ಈಗ ಅದೇ ಕಷ್ಟ ಕೊಡ್ತಿದೆ. ಎಲ್ಲಿಗೆ ಹೋಗಲಿ?"

ವಾದ ಮಾಡಿ ಗೆಲ್ಲುವ ವಿಷಯ ಇದಲ್ಲ ಅಂತ ನನಗೆ ಆಗ ಅರ್ಥವಾಯಿತು. ಅವನದು ದುಃಖ. ಹತ್ತಿರದವರನ್ನು ಕಳೆದುಕೊಂಡವರ ದುಃಖ. "ನಿಮ್ಮ ಹಾಗೆ ಮಾತಾಡಿದವರು ಆ ಪುಸ್ತಕದಲ್ಲೇ ಯಾರಾದರೂ ಇದ್ದಾರಾ?" ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದ. "88ನೇ ಕೀರ್ತನೆ" ಅಂದ. ಕೀರ್ತನೆಗಳೆಂದರೆ ಬೈಬಲಿನಲ್ಲಿರುವ ಪ್ರಾರ್ಥನೆಯ ಹಾಡುಗಳು. ಬೇರೆ ಶೋಕ ಕೀರ್ತನೆಗಳಲ್ಲಿ ಸಾಮಾನ್ಯವಾಗಿ ಕೊನೆಗೆ ಭರವಸೆಯ ಮಾತು ಬರುತ್ತದೆ, ಇದು ಮಾತ್ರ ಕತ್ತಲಲ್ಲೇ ಮುಗಿಯುತ್ತದೆ ಅಂತ ಅವನೇ ವಿವರಿಸಿದ. ಆಮೇಲೆ ತನಗೇ ಹೇಳಿಕೊಳ್ಳುವ ಹಾಗೆ, "ಆದರೂ ಅದನ್ನ ಯಾರೂ ತೆಗೆದುಹಾಕಲಿಲ್ಲ" ಅಂದ. ಅಷ್ಟು ದಿನದಲ್ಲಿ ಅವನು ಅತ್ತದ್ದು ಅವತ್ತೇ.

ನಾನು ಕೊಟ್ಟ ಸಲಹೆ ಸರಳ. ಓದು ಬಿಡಬೇಕಾ ಅನ್ನೋದು ಒಂದು ಪ್ರಶ್ನೆ, ದೇವರನ್ನು ನಂಬಬೇಕಾ ಅನ್ನೋದು ಇನ್ನೊಂದು. ಎರಡನ್ನೂ ಒಟ್ಟಿಗೆ ತೀರ್ಮಾನಿಸಬೇಡಿ, ಪರೀಕ್ಷೆಯ ಹೊತ್ತಿನಲ್ಲಂತೂ ಬೇಡವೇ ಬೇಡ. ಸದ್ಯಕ್ಕೆ ಪ್ರಸಂಗ ಮಾಡುವುದು ನಿಲ್ಲಿಸಿ. ಸಿಲಬಸ್‌ನಲ್ಲಿ ಇಲ್ಲದ ಒಂದು ಭಾಗವನ್ನು ನಿಮ್ಮ ತಾಯ್ನುಡಿಯಲ್ಲಿ, ಪೆನ್ಸಿಲ್ ಹಿಡಿಯದೆ ಓದಿ. ಹಸ್ತಪ್ರತಿಗಳನ್ನು ಬಲ್ಲ, ಪ್ರಾರ್ಥನೆಯನ್ನೂ ಬಿಡದ ಅಧ್ಯಾಪಕರೊಬ್ಬರ ಹತ್ತಿರ ಮಾತಾಡಿ. ವಿಶ್ವಾಸದ ಹೇಳಿಕೆಯ ಯಾವ ಸಾಲಿಗೆ ಸಹಿ ಹಾಕಲು ಆಗುವುದಿಲ್ಲ ಅಂತ ಗುರುತು ಮಾಡಿಕೊಂಡು ಅವರನ್ನೇ ಕೇಳಿ.

ಇದಕ್ಕೆ ಆಕ್ಷೇಪಗಳೂ ಬಂದಿವೆ. ನಂಬಿಕೆ ಗಟ್ಟಿ ಮಾಡಿ ಕಳಿಸಬೇಕಿತ್ತು ಅಂದರು ಕೆಲವರು. ಆ ಕಾಲೇಜಿನಿಂದ ಬಿಡಿಸಬೇಕಿತ್ತು ಅಂದರು ಇನ್ನು ಕೆಲವರು. ನಾನು ಪಾಸ್ಟರ್ ಅಲ್ಲ, ಯಾರ ನಂಬಿಕೆಯ ಗಡಿಯನ್ನೂ ನಾನು ಎಳೆಯಲಾರೆ. ಹೆದರಿಕೆಯಲ್ಲಿ ತೆಗೆದುಕೊಂಡ ತೀರ್ಮಾನ ಆಮೇಲೆ ಎಷ್ಟು ಕಾಡುತ್ತದೆ ಅನ್ನೋದನ್ನು ಮಾತ್ರ ಜಾಸ್ತಿ ನೋಡಿದ್ದೇನೆ.

ಆತ ಈಗ ಎರಡನೇ ವರ್ಷದಲ್ಲಿದ್ದಾನೆ. ಪಾಸ್ಟರ್ ಆಗುವುದು ಇನ್ನೂ ತೀರ್ಮಾನವಾಗಿಲ್ಲ. ಆಗಲೇಬೇಕೆಂದಿದ್ದರೆ ಬಹಳ ಸಭೆಗಳು ಕೇಳುವುದು ಪಾಸ್ಟರ್ ಕೆಲಸಕ್ಕೆ ತಯಾರು ಮಾಡುವ ಎಂ.ಡಿವ್ (ಮಾಸ್ಟರ್ ಆಫ್ ಡಿವಿನಿಟಿ) ಪದವಿಯನ್ನು. ಬರೀ ಎಂ.ಎ. ಸಾಲದಿರಬಹುದು. ಸೇರುವ ಮೊದಲೇ ನಿಮ್ಮ ಸಭೆಯಲ್ಲಿ ಇದನ್ನು ವಿಚಾರಿಸಿಕೊಳ್ಳಿ. ವಿಶ್ವಾಸದ ಹೇಳಿಕೆಯನ್ನೂ ಅರ್ಜಿ ಹಾಕುವಾಗಲೇ ತರಿಸಿಕೊಂಡು ಪೂರ್ತಿ ಓದಿ.