ಕಿಟೆಲ್ ಪದ್ಯವನ್ನೂ ಬರೆದಿದ್ದರಾ?

ಪ್ರಶ್ನೆ: ನನ್ನ ಮಗಳು ಧಾರವಾಡದ ಕಿಟೆಲ್ ಕಾಲೇಜಿನಲ್ಲಿ ಓದುತ್ತಾಳೆ. ಕಿಟೆಲ್ ಅಂದರೆ ನಮಗೆ ನಿಘಂಟು ಮಾತ್ರ ಗೊತ್ತು. ಅವರು ಪಾದ್ರಿ ಅಲ್ವಾ? ದೇವರ ಬಗ್ಗೆ ಏನೂ ಬರೆಯಲಿಲ್ಲವೇ?
– ಓದುಗರೊಬ್ಬರು, ಬೆಟಗೇರಿ

ಉತ್ತರ: ಬರೆದಿದ್ದಾರೆ, ಅಮ್ಮಾ. ನಿಘಂಟಿಗಿಂತ ಮೊದಲೇ ಬರೆದಿದ್ದಾರೆ. ಫರ್ಡಿನಂಡ್ ಕಿಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯಲ್ಲಿ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆ ಅವರನ್ನು 1853ರಲ್ಲಿ ನಮ್ಮ ನಾಡಿಗೆ ಕಳಿಸಿತು. ಆಗ ವಯಸ್ಸು ಬರೀ ಇಪ್ಪತ್ತೊಂದು! ಒಂಬತ್ತೇ ವರ್ಷಕ್ಕೆ, 1862ರಲ್ಲಿ, 'ಕಥಾಮಾಲೆ' ಬಂತು. ಯೇಸುವಿನ ಬದುಕನ್ನು ಕನ್ನಡ ಪದ್ಯದಲ್ಲಿ, ನಮ್ಮ ಜನ ಹಾಡಿಕೊಳ್ಳುವ ಹಾಗೆ ಹೇಳಿದ ಪುಸ್ತಕ ಅದು. ತಮ್ಮ ದೇವರನ್ನು ನಮ್ಮ ಛಂದಸ್ಸಿಗೆ ತಂದರಲ್ಲ, ಅದೇ ನನಗೆ ಜಾಸ್ತಿ ಇಷ್ಟ. ಛಂದಸ್ಸಿನ ಈ ಪ್ರೀತಿ ಅಲ್ಲಿಗೇ ನಿಲ್ಲಲಿಲ್ಲ. ಕನ್ನಡ ಛಂದಸ್ಸಿನ ಹಳೆಯ ಗ್ರಂಥ, ನಾಗವರ್ಮನ 'ಛಂದೋಂಬುಧಿ'ಯನ್ನು 1875ರಲ್ಲಿ ಅವರೇ ಸಂಪಾದಿಸಿ ಅಚ್ಚು ಹಾಕಿಸಿದರು.

ನಿಘಂಟು ಬಂದದ್ದು 1894ರಲ್ಲಿ, ಸುಮಾರು 70,000 ಪದಗಳು. ನನ್ನ ಹತ್ತಿರ ಅದರ ಹಳೆಯ ಪ್ರತಿಯೊಂದಿದೆ. ರಟ್ಟು ಕಿತ್ತು ಬಂದಾಗ ನನ್ನ ತಂದೆ ಗೋಣಿ ದಾರದಲ್ಲಿ ಹೊಲಿದಿದ್ದರು. ಈಗಲೂ ಪುಟ ತಿರುವಿದರೆ ಕೆಲಸ ಮರೆತುಹೋಗುತ್ತದೆ. ಕಿಟೆಲ್ ಅರ್ಥ ಕೊಟ್ಟು ಸುಮ್ನಾಗುವುದಿಲ್ಲ. ಹಳೆಯ ಕಾವ್ಯದ ಸಾಲು ಕೊಡುತ್ತಾರೆ, ಜನರ ಬಾಯಲ್ಲಿದ್ದ ಗಾದೆಯನ್ನೂ ಪಕ್ಕದಲ್ಲೇ ಕೂರಿಸುತ್ತಾರೆ. ಅಡುಗೆಮನೆಯ ಮಾತಿಗೂ ಪಂಪನ ಮಾತಿಗೂ ಒಂದೇ ಮರ್ಯಾದೆ.

ಮಗಳಿಗೆ ಹೇಳಿ, ಕಾಲೇಜಿನ ಗ್ರಂಥಾಲಯದಲ್ಲಿ 'ಕಥಾಮಾಲೆ' ಕೇಳಲಿ. ಸಿಕ್ಕರೆ ಮನಸ್ಸಿನಲ್ಲಿ ಓದುವುದು ಬೇಡ, ಗಟ್ಟಿಯಾಗಿ ಓದಲಿ.